ಸ್ವಿಚ್ ಆಫ್ ಆಯ್ತು, ಚಕ್ರ ನಿಂತಿತಾ?

ನಮ್ಮ ಭಾವನ ತೋಟ ತುರುವೇಕೆರೆ ಕಡೆ. ನೂರು ತೆಂಗಿನ ಮರ. ಒಂದು ಮರ ಹೆಚ್ಚುಕಮ್ಮಿ ತಿಂಗಳಿಗೊಂದು ಗರಿ ಬೀಳಿಸುತ್ತದೆ, ಅಂದರೆ ವರ್ಷಕ್ಕೆ ಸಾವಿರದ ಇನ್ನೂರು ಗರಿ. ಮೊದಲೆಲ್ಲ ಎಡಮಟ್ಟೆ ಬಚ್ಚಲೊಲೆಗೆ ಹೋಗುತ್ತಿತ್ತು, ಈಗ ಮಾಳಿಗೆ ಮೇಲೆ ಸೋಲಾರ್ ಕೂತಿದೆ. ಗರಿ, ಸಣ್ಣ ಕೊಂಬೆ ಎಲ್ಲ ಚೂರು ಮಾಡಿ ಮರದ ಬುಡಕ್ಕೆ ಹಾಕೋಣ ಅಂತ ಒಂದು ಶ್ರೆಡ್ಡರ್ ತಂದರು. ಒಳ್ಳೆಯ ಕೆಲಸವೇ. ಸುಡುವುದಕ್ಕಿಂತ ಸಾವಿರ ಪಾಲು ವಾಸಿ.

ತಂದ ಮೂರನೇ ವಾರ ಗರಿ ಸಿಕ್ಕಿಕೊಂಡಿತು. ಭಾವ ಸ್ವಿಚ್ ಆಫ್ ಮಾಡಿದರು, ಮುಚ್ಚಳದ ಬೋಲ್ಟ್ ಬಿಚ್ಚಿದರು, ಬಗ್ಗಿ ನೋಡಿದರು. ಹೆಗಲ ಮೇಲಿನ ಟವಲ್ ಜಾರಿ ಒಳಗೆ ಬಿತ್ತು. ಸರಕ್ ಅಂತ ಶಬ್ದ ಬಂತು, ಟವಲ್ ಇಲ್ಲ. ಬೆರಳು ಉಳಿದಿದ್ದು ಪುಣ್ಯ. ಸಂಜೆ ಹೊತ್ತಿಗೆ ಮಿಷನ್ನಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಯಿತು. ಪಕ್ಕದ ತೋಟದವರು ಬಂದು "ಹೊಸ ಮಿಷನ್ನು ಅಲ್ವಾ, ಬಲಿ ಕೇಳ್ತಿದೆ" ಅಂದರು.

ಬಲಿ ಕೇಳಿದ್ದಲ್ಲ ಸ್ವಾಮಿ, ಸಾಲ ತೀರಿಸುತ್ತಿತ್ತು. ಒಳಗಿರುವ ಚಕ್ರಕ್ಕೆ ಮೋಟರು ಕೊಟ್ಟ ಶಕ್ತಿ ಇನ್ನೂ ಖರ್ಚಾಗಿರಲಿಲ್ಲ, ಅಷ್ಟೇ.

ಶ್ರೆಡ್ಡರ್ ಒಳಗೆ ಒಂದು ದಪ್ಪ ಉಕ್ಕಿನ ತಟ್ಟೆ ಇರುತ್ತದೆ, ಅದರ ಮೇಲೆ ಬ್ಲೇಡು. ತಟ್ಟೆ ಅಷ್ಟು ಭಾರ ಯಾಕೆ? ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ. ಮೊದಲ ಸುತ್ತಿಗೆ ರಟ್ಟೆ ನೋಯುತ್ತದೆ, ಆಮೇಲೆ ಹಾಡು ಹೇಳಿಕೊಂಡು ಬೀಸಬಹುದು. ಕುಂಬಾರರ ತಿಗರಿಯೂ ಅದೇ. ಕೋಲಿನಲ್ಲಿ ನಾಲ್ಕು ಸಲ ಜೋರಾಗಿ ತಿರುಗಿಸಿಬಿಟ್ಟರೆ, ಮಡಕೆ ಎದ್ದು ನಿಲ್ಲುವ ತನಕ ಎರಡು ಕೈಯೂ ಮಣ್ಣಿಗೆ ಬಿಡುವು. ಇನ್ನೂ ಸಲೀಸಾಗಿ ಹೇಳಬೇಕೆಂದರೆ ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದರಲ್ಲ, ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಕಟ್ಟಿಸಿಕೊಳ್ಳುವ ಪದ್ಧತಿ, ಹಾಗೆ. ಮೋಟರು ಚೂರು ಚೂರೇ ಕಟ್ಟುತ್ತಾ ಹೋಗುತ್ತದೆ, ದಪ್ಪ ಕೊಂಬೆ ಬಂದಾಗ ತಟ್ಟೆ ಒಂದೇ ಏಟಿಗೆ ದೊಡ್ಡ ಮೊತ್ತ ಕೊಡುತ್ತದೆ. ಇಲ್ಲದಿದ್ದರೆ ಏಳೂವರೆ ಎಚ್‌ಪಿ ಮೋಟರು ಮಣಿಕಟ್ಟಿನಷ್ಟು ದಪ್ಪದ ಕೊಂಬೆ ಕಂಡ ತಕ್ಷಣ ಗೊಂಯ್ ಅಂತ ನಿಂತುಬಿಡುತ್ತಿತ್ತು.

ಆ ಖಾತೆಯಲ್ಲಿ ಎಷ್ಟಿರುತ್ತದೆ? ಲೆಕ್ಕಕ್ಕೆ ಅರ್ಧ ಮೀಟರ್ ಅಗಲದ, 30 ಕೆ.ಜಿ. ತೂಕದ, ನಿಮಿಷಕ್ಕೆ 1500 ಸುತ್ತು ತಿರುಗುವ ತಟ್ಟೆ ಇಟ್ಟುಕೊಳ್ಳೋಣ. ಸುಮಾರು 11,500 ಜೂಲ್ ಬರುತ್ತದೆ. ಜೂಲ್ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ತೆಂಗಿನಕಾಯಿ ಲೆಕ್ಕದಲ್ಲಿ ಹೇಳುತ್ತೇನೆ. 12 ಮೀಟರ್ ಎತ್ತರದ ಮರದಿಂದ ಒಂದು ಕೆ.ಜಿ. ಕಾಯಿ ಬಿದ್ದರೆ ನೆಲ ಮುಟ್ಟುವಾಗ ಅದರಲ್ಲಿ ಸುಮಾರು 118 ಜೂಲ್ ಇರುತ್ತದೆ. ಅಂದರೆ ತಿರುಗುವ ತಟ್ಟೆಯೊಳಗೆ ಹತ್ತಿರ ಹತ್ತಿರ ನೂರು ಕಾಯಿಯ ಏಟು ಕೂತಿದೆ.

ಈಗ ಸ್ವಿಚ್ ಆಫ್ ಮಾಡಿ. ಕರೆಂಟು ಹೋಯಿತು, ಕಾಯಿ ಹೋಗಲಿಲ್ಲ. ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಕಾಲು ಭಾಗವಾಗುತ್ತದೆ, ಆದರೂ ಇಪ್ಪತ್ತೈದು ಕಾಯಿ. ವೇಗ ಹತ್ತನೇ ಒಂದಕ್ಕೆ ಇಳಿದಾಗ, ಬ್ಲೇಡು ಹಾದುಹೋಗುವುದನ್ನು ಕಣ್ಣಲ್ಲೇ ಎಣಿಸಬಹುದು, "ಇನ್ನೇನು ನಿಂತೇ ಹೋಯ್ತು" ಅನ್ನಿಸುತ್ತದೆ. ಆಗಲೂ ಒಂದು ಕಾಯಿ ಬಾಕಿ ಇದೆ. ಮರದ ಕೆಳಗೆ ಬೆರಳಿಟ್ಟುಕೊಂಡು ಕೂರುತ್ತೀರಾ? ಅದೂ ಆ ಕಾಯಿಗೆ ಚೂಪು ಅಂಚಿದ್ದರೆ?

ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಇದು ಇನ್ನೂ ಕಷ್ಟ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ನಮಗೆ ಕಾಣುವುದಿಲ್ಲ. ನಾಲ್ಕು ಬ್ಲೇಡಿನ ತಟ್ಟೆ ಸೆಕೆಂಡಿಗೆ 25 ಸುತ್ತು ತಿರುಗಿದರೆ ಪ್ರತಿ ಮಿನುಗಿಗೂ ಸರಿಯಾಗಿ ಕಾಲು ಸುತ್ತು, ಒಂದು ಬ್ಲೇಡಿದ್ದ ಜಾಗಕ್ಕೆ ಇನ್ನೊಂದು ಬ್ಲೇಡು. ಚಕ್ರ ನಿಂತ ಹಾಗೇ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ.

ಇನ್ನೊಂದು ಮಾತು ಎಲ್ಲರೂ ಹೇಳುತ್ತಾರೆ. "ಎಳೆದರೆ ಕೈ ಬಿಟ್ಟರಾಯ್ತು ಬಿಡಿ." ಮಕ್ಕಳ ಅಡಿಪಟ್ಟಿ ತನ್ನಿ. ಒಬ್ಬರು ಮೇಲಿನ ತುದಿ ಹಿಡಿಯಲಿ, ನೀವು ಕೆಳಗಿನ ತುದಿಯ ಹತ್ತಿರ ಎರಡು ಬೆರಳು ತೆರೆದು ಕಾಯಿರಿ. ಅವರು ಹೇಳದೆ ಬಿಡಲಿ. ಎಷ್ಟೇ ಚುರುಕಿದ್ದರೂ ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಜಾರಿದ ಮೇಲೇ ಹಿಡಿಯುತ್ತೀರಿ, ಅಂದರೆ 0.2 ಸೆಕೆಂಡು. ನಮ್ಮ ಲೆಕ್ಕದ ತಟ್ಟೆಗೆ ಎರಡು ಬ್ಲೇಡಿದ್ದು ಒಂದೊಂದು ಕಡಿತಕ್ಕೆ 8 ಮಿ.ಮೀ. ತಿಂದರೆ ಸೆಕೆಂಡಿಗೆ 40 ಸೆಂ.ಮೀ. ಕೊಂಬೆ ಒಳಗೆ ಹೋಗುತ್ತದೆ. ಕಾದು ಕೂತಿದ್ದಾಗಲೇ 8 ಸೆಂ.ಮೀ. ಹೋಯಿತು. ಯಾರೋ ಕರೆದರು, ಆ ಕಡೆ ನೋಡಿದಿರಿ, ಒಂದು ಸೆಕೆಂಡು ಹೋಯಿತು, ಅಲ್ಲಿಗೆ ಮೊಳಕೈ ತನಕ ಲೆಕ್ಕ. ಕವಲಿನ ಕಡ್ಡಿ ತೋಳಿಗೆ ಸಿಕ್ಕಿಕೊಂಡಿದ್ದರಂತೂ ಕೈ ಬಿಡುವ ಪ್ರಶ್ನೆಯೇ ಇಲ್ಲ, ಅದೇ ನಿಮ್ಮನ್ನು ಹಿಡಿದಿರುತ್ತದೆ.

ಅದಕ್ಕೇ ಮಿಷನ್ನಿಗೆ ಆನೆ ಸೊಂಡಿಲಿನ ಹಾಗೆ ಉದ್ದ ಬಾಯಿ ಇರುವುದು. ನಮ್ಮ ದೇಶ ಇದನ್ನು ಕಲಿತದ್ದು ಬಹಳ ದುಬಾರಿಯಾಗಿ. ಹಸಿರು ಕ್ರಾಂತಿಯ ನಂತರ ಪಂಜಾಬು, ಹರಿಯಾಣ ಕಡೆ ಗೋಧಿ ಒಕ್ಕುವ ಯಂತ್ರಗಳು ಬಂದವು, ಬಾಯಿ ಗಿಡ್ಡ, ತೆನೆ ತಳ್ಳುತ್ತಾ ತಳ್ಳುತ್ತಾ ಕೈ ಕಳೆದುಕೊಂಡ ಕೂಲಿಯವರು ಬಹಳ. ಕೊನೆಗೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ಒಕ್ಕಣೆ ಯಂತ್ರದ ಬಾಯಿ ಕನಿಷ್ಠ 90 ಸೆಂ.ಮೀ. ಉದ್ದ ಇರಬೇಕು, ಅದರಲ್ಲಿ 45 ಸೆಂ.ಮೀ. ಭಾಗಕ್ಕೆ ಮೇಲ್ಗಡೆಯೂ ಮುಚ್ಚಳ ಇರಬೇಕು ಅನ್ನುತ್ತದೆ ನಮ್ಮ ದೇಶದ ಮಾನಕ. ನಿಮ್ಮ ತೋಳು ಅಳೆದು ನೋಡಿ, ಎಪ್ಪತ್ತು ಚಿಲ್ಲರೆ ಬರುತ್ತದೆ. ತೋಳಿಗಿಂತ ಬಾಯಿ ಉದ್ದ, ಗುಟ್ಟು ಇಷ್ಟೇ. ಇದನ್ನೇ ನಮ್ಮ ಜನ "ಗರಿ ಹಾಕೋಕೆ ಅಡ್ಡ" ಅಂತ ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ಗಿಡ್ಡ ಮಾಡಿಸುತ್ತಾರೆ! ತಳ್ಳಲೇಬೇಕಾದರೆ ಇನ್ನೊಂದು ಗರಿಯಿಂದಲೋ ಕಟ್ಟಿಗೆಯಿಂದಲೋ ತಳ್ಳಿ. ಕಬ್ಬಿಣದ ಸಲಾಕೆ ಬೇಡ, ಅದು ವಾಪಸ್ ಬರುತ್ತದೆ. ಬಾಯಿಗೆ ನೇರ ನಿಲ್ಲದೆ ಪಕ್ಕಕ್ಕೆ ನಿಲ್ಲಿ, ಕನ್ನಡಕ ಹಾಕಿ. ತಟ್ಟೆಯ ಅಂಚಿನ ವೇಗ ಗಂಟೆಗೆ 140 ಕಿ.ಮೀ. ದಾಟುತ್ತದೆ, ಫಾಸ್ಟ್ ಬೌಲರ್ ಎಸೆದಂತೆ ಚೂರು ಹಾರುತ್ತದೆ.

ಟ್ರ್ಯಾಕ್ಟರ್ ಪಿಟಿಓಗೆ, ಅಂದರೆ ಎಂಜಿನ್ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ಹಿಂಬದಿಯ ತಿರುಗು ಶಾಫ್ಟಿಗೆ, ಜೋಡಿಸುವವರು ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಕಿತ್ತು ಎಸೆಯಬೇಡಿ. ಅದು ನಿಮಿಷಕ್ಕೆ 540 ಸುತ್ತು. ನಿಧಾನ ಅನ್ನಿಸುತ್ತದೆ, ಆದರೆ ಏಳು ಸೆಂ.ಮೀ. ದಪ್ಪದ ಶಾಫ್ಟು ಸೆಕೆಂಡಿಗೆ ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಪಂಚೆ, ಸೆರಗು, ಟವಲ್ ಯಾವುದೂ ಹತ್ತಿರ ಸುಳಿಯಬಾರದು.

ಊರ ಕಡೆಯ ನಿಜವಾದ ಭೂತ ತ್ರೀ ಫೇಸ್ ಕರೆಂಟು. ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ. ಬೋರ್‌ವೆಲ್ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿಸಿರುತ್ತೇವೆ, ಕರೆಂಟು ಬಂದ ಕೂಡಲೇ ತಾನೇ ಓಡಲಿ ಅಂತ. ಶ್ರೆಡ್ಡರನ್ನೂ ಅದೇ ಪೆಟ್ಟಿಗೆಗೆ ಕೊಟ್ಟುಬಿಡುತ್ತಾರೆ. ಕರೆಂಟು ಹೋದಾಗ ಗರಿ ಸಿಕ್ಕಿಕೊಂಡಿತು, ಕೈ ಹಾಕಿದರು, ಕರೆಂಟು ಬಂತು. ಇದಕ್ಕೆ ಯಾವ ಗ್ರಹಗತಿಯೂ ಬೇಕಿಲ್ಲ. ಮಾಮೂಲಿ ಸ್ಟಾರ್ಟರಿನಲ್ಲಿ ಕರೆಂಟು ಹೋದರೆ ಬಟನ್ ಹಿಡಿದಿಟ್ಟ ಅಯಸ್ಕಾಂತದ ಕಾಯಿಲ್ ಕೈಬಿಟ್ಟು ಬಟನ್ ಮೇಲೆ ಬರುತ್ತದೆ, ಮತ್ತೆ ಒತ್ತುವ ತನಕ ಓಡುವುದಿಲ್ಲ. ಅದಕ್ಕೆ ಕಡ್ಡಿ ಸಿಗಿಸಿ ಇಡುವವರನ್ನು ನಾನೇ ಕಂಡಿದ್ದೇನೆ. ಮುಚ್ಚಳ ತೆಗೆಯುವ ಮುಂಚೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಟ್ರ್ಯಾಕ್ಟರ್ ಆದರೆ ಕೀ.

ಬ್ಲೇಡಿನ ವಿಷಯ. ಅಡಕತ್ತರಿ ಇದೆಯಲ್ಲ, ಕೆಳಗಿನ ದವಡೆ, ಮೇಲಿನ ಅಲಗು, ಶ್ರೆಡ್ಡರ್ ಅದೇ. ಒಂದು ಅಲಗು ತಿರುಗುತ್ತದೆ, ಒಂದು ಕದಲದೆ ಕೂತಿರುತ್ತದೆ. ನಡುವಿನ ಸಂದು ಜಾಸ್ತಿಯಾದರೆ ತಿರುಪು ಸಡಿಲಾದ ಕತ್ತರಿಗೆ ಬಟ್ಟೆ ಕೊಟ್ಟ ಹಾಗೆ, ಗರಿ ಕತ್ತರಿಸದೆ ಮಡಚಿಕೊಂಡು ಸುತ್ತಿಕೊಳ್ಳುತ್ತದೆ. ಚೂರಿನ ಬದಲು ನಾರು, ಪುಡಿ ಬಂದರೆ ಬ್ಲೇಡು ಮೊಂಡಾಗಿದೆ ಅಂತಲೇ ಅರ್ಥ. ಮೊಂಡಾದರೆ ಅದು ತಾನಾಗಿ ಎಳೆಯುವುದಿಲ್ಲ, ನೀವು ತಳ್ಳುತ್ತೀರಿ, ಕೈ ಒಳಗೆ ಒಳಗೆ ಹೋಗುತ್ತದೆ. ಚೂಪು ಬ್ಲೇಡಿಗಿಂತ ಮೊಂಡು ಬ್ಲೇಡೇ ಕೈಗೆ ಅಪಾಯ. ಕಸ ಗುಡಿಸಿದ್ದನ್ನು ಕಲ್ಲು ಮಣ್ಣಿನ ಸಮೇತ ಸುರಿಯುವುದೇ ಬ್ಲೇಡು ಹಾಳಾಗುವ ಮುಖ್ಯ ಕಾರಣ.

ಸಾಣೆ ಹಿಡಿಸುವಾಗ ಅಂಚು ನೀಲಿಯಾದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಉಕ್ಕಿನ ಹದ ಹೋಯಿತು. ನೀರಲ್ಲಿ ಅದ್ದಿ ಅದ್ದಿ ಹಿಡಿಸಿ. ಆಮೇಲೆ ಎರಡೂ ಬ್ಲೇಡನ್ನು ಅಕ್ಕಸಾಲಿಗರ ಶ್ರದ್ಧೆಯಿಂದ ತೂಗಿ. 20 ಗ್ರಾಂ ವ್ಯತ್ಯಾಸ ಏನು ಮಹಾ ಅನ್ನಬೇಡಿ. ನಡುವಿನಿಂದ 20 ಸೆಂ.ಮೀ. ದೂರದಲ್ಲಿ, ಆ ವೇಗದಲ್ಲಿ, ಅದು ಹತ್ತು ಕೆ.ಜಿ. ತೂಕದಷ್ಟು ಜೋರಾಗಿ, ಸೆಕೆಂಡಿಗೆ 25 ಸಲ ಬೇರಿಂಗನ್ನು ಸುತ್ತಲೂ ಎಳೆದಾಡುತ್ತದೆ. ನಟ್ಟು ಸಡಿಲಾಗುವುದು ಹೀಗೆ. ಬ್ಲೇಡ್ ಬಿಚ್ಚುವಾಗ ತಟ್ಟೆಗೆ ಮರದ ತುಂಡು ಕೊಟ್ಟು ನಿಲ್ಲಿಸಿ. ಒಂದನ್ನು ಬಿಚ್ಚುವ ಭರದಲ್ಲಿ ಚಕ್ರ ತಿರುಗಿ ಎದುರಿನದು ಬೆರಳ ಮೇಲೆ ಬರುತ್ತದೆ.

ಪೂಜೆ ಬೇಡ ಅಂತ ನಾನೇನೂ ಹೇಳುವುದಿಲ್ಲ. ಆಯುಧ ಪೂಜೆಗೆ ಕತ್ತಿ ಕುಡುಗೋಲು ತೊಳೆದು, ಮಸೆದು ಇಡುತ್ತಿದ್ದರು ಹಿಂದಿನವರು. ನಾವು ತುಕ್ಕಿನ ಮೇಲೇ ಕುಂಕುಮ ಇಡುತ್ತೇವೆ. ಭಾವ ಈಗ ಹಿಂದಿನ ದಿನವೇ ಎಲ್ಲ ಬಿಚ್ಚಿ, ಸಾಣೆ ಹಿಡಿಸಿ, ಗ್ರೀಸ್ ತುಂಬಿಸಿ ಇಡುತ್ತಾರೆ. ನಿಂಬೆಹಣ್ಣು ಇನ್ನೂ ತೂಗಾಡುತ್ತಿದೆ, ಅದು ಅವರ ಅಮ್ಮನ ಖಾತೆ.

ಹೋದ ತಿಂಗಳು ಹೋದಾಗ ಗರಿ ಮತ್ತೆ ಸಿಕ್ಕಿಕೊಂಡಿತು. ಭಾವ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿ, ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ನಾನು ಮೊಬೈಲಿನಲ್ಲಿ ನೋಡುತ್ತಿದ್ದೆ, ಒಂದು ನಿಮಿಷ ನಲವತ್ತು ಸೆಕೆಂಡು. ಅಡಿಕೆ ಬಾಯಿಗೆ ಹೋಗುವ ಹೊತ್ತಿಗೆ ಸದ್ದು ನಿಂತಿತ್ತು. "ಒಂದು ಎಲೆಅಡಿಕೆ ಹೊತ್ತು ಕಣಪ್ಪ" ಅಂದರು, ಸ್ಪ್ಯಾನರ್ ಎತ್ತಿಕೊಂಡು.