ತೋಟದ ಟ್ರ್ಯಾಕ್ಟರಿನಲ್ಲಿ ಗವರ್ನರ್ ಮತ್ತು ಕಾರ್ಪೊರೇಟರ್

ಹೆಸರಘಟ್ಟದ ಆಚೆ ನಮ್ಮ ಭಾವನಿಗೆ ಒಂದೂವರೆ ಎಕರೆ ಸಪೋಟ ತೋಟವಿದೆ. ಮರಗಳ ನಡುವೆ ಹುಲ್ಲು ಕತ್ತರಿಸಲು, ಗೊಬ್ಬರದ ಪುಟ್ಟ ಟ್ರೈಲರ್ ಎಳೆಯಲು ಹಳೆಯ ಗಾರ್ಡನ್ ಟ್ರ್ಯಾಕ್ಟರ್ ಒಂದನ್ನು ಇಟ್ಟುಕೊಂಡಿದ್ದಾರೆ. ಮೇಲೆ ಕೂತು ಓಡಿಸುವಂಥದ್ದು, ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಕೆಸರಿನಲ್ಲಿ ಹೂತುಕೊಳ್ಳುತ್ತದೆಂದು ಮಳೆಗಾಲವಿಡೀ ಅದನ್ನು ಶೆಡ್ಡಿನಲ್ಲೇ ಬಿಟ್ಟಿದ್ದರು. ಆಯುಧಪೂಜೆಯ ದಿನ ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಸ್ಟಾರ್ಟ್ ಮಾಡಿದರು. ಸ್ಟಾರ್ಟೇನೋ ಆಯಿತು, ಆದರೆ ಒಂದೇ ಸಮನೆ ಓಡಲಿಲ್ಲ. ಗುಂಯ್ ಎಂದು ಏರುವುದು, ಇನ್ನೇನು ನಿಂತೇ ಹೋಯಿತು ಎನ್ನುವಷ್ಟು ಇಳಿಯುವುದು, ಮತ್ತೆ ಗುಂಯ್.

ಭಾವ ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿದರು. ಎಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ತೋಳು, ಅದಕ್ಕೆ ಕಟ್ಟಿದ ಒಂದು ಸ್ಪ್ರಿಂಗು, ಎರಡೂ ಹುಚ್ಚು ಹಿಡಿದಂತೆ ಆಚೀಚೆ ತೂಗುತ್ತಿದ್ದವು.

"ನೋಡೋ, ಇದೇ ಕುಣೀತಿರೋದು. ಇದನ್ನ ಟೈಟ್ ಮಾಡಿಬಿಡ್ತೀನಿ."

"ಭಾವ, ದಯವಿಟ್ಟು ಅದನ್ನ ಮುಟ್ಟಬೇಡಿ" ಅಂದೆ.

ಆ ತೋಳಿನ ಹೆಸರು ಗವರ್ನರ್, ಎಂಜಿನ್ನಿನ ವೇಗವನ್ನು ಹಿಡಿದಿಡುವುದು ಅದರ ಕೆಲಸ. ಕಾರಿನಲ್ಲಿ ಈ ಕೆಲಸವನ್ನು ನಮ್ಮ ಬಲಗಾಲು ಮಾಡುತ್ತದೆ. ತೋಟದ ಎಂಜಿನ್ನಿಗೆ ಕಾಲು ಕೊಡುವವರಿಲ್ಲ, ದಟ್ಟ ಹುಲ್ಲು ಸಿಕ್ಕಾಗ ತಾನೇ ಹೆಚ್ಚು ಪೆಟ್ರೋಲ್ ಎಳೆದುಕೊಳ್ಳಬೇಕು, ತೆಳು ಹುಲ್ಲಿಗೆ ಬಂದಾಗ ತಾನೇ ತಗ್ಗಬೇಕು. ಎಂಜಿನ್ನಿನ ಒಳಗೆ ಗಿಯರಿಗೆ ಹೊಂದಿಕೊಂಡ ಪುಟ್ಟ ತೂಕದ ತುಂಡುಗಳು ತಿರುಗುತ್ತಿರುತ್ತವೆ. ವೇಗ ಹೆಚ್ಚಾದರೆ ಅವು ಹೊರಕ್ಕೆ ಹರಡಿ ಥ್ರಾಟಲನ್ನು, ಅಂದರೆ ಗಾಳಿ-ಪೆಟ್ರೋಲನ್ನು ಎಂಜಿನ್ನಿನೊಳಗೆ ಬಿಡುವ ಕದವನ್ನು, ಮುಚ್ಚಲು ತಳ್ಳುತ್ತವೆ. ವೇಗ ಇಳಿದರೆ ಮಡಚಿಕೊಳ್ಳುತ್ತವೆ, ಆಗ ಸ್ಪ್ರಿಂಗ್ ಥ್ರಾಟಲನ್ನು ತೆರೆಯುತ್ತದೆ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ಜೋಡಿಸಿದ ಎರಡು ಗುಂಡುಗಳ ಉಪಾಯವೇ ಇದು.

ಉಗಿಯಂತ್ರಗಳ ಕಾಲದಲ್ಲೂ ಗವರ್ನರುಗಳು ಹೀಗೆ ಕುಣಿಯುತ್ತಿದ್ದವು. ವೇಗವನ್ನು ಹಿಡಿದಿಡಬೇಕಾದ ಸಾಧನವೇ ವೇಗವನ್ನು ತೂಗಾಡಿಸುವುದೇಕೆ? ವಿದ್ಯುತ್ಕಾಂತೀಯ ಸಮೀಕರಣಗಳಿಗೆ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರುಗಳ ಬಗ್ಗೆಯೇ ಒಂದು ಪ್ರಬಂಧ ಬರೆದು ಇದನ್ನು ಲೆಕ್ಕ ಹಾಕಿದ. ಚಲನೆಯಲ್ಲಿ ಸಣ್ಣದೊಂದು ಏರುಪೇರಾದಾಗ ಅದು ತಾನಾಗಿ ಅಡಗುವುದು ಯಾವಾಗ, ಬೆಳೆಯುತ್ತಾ ಹೋಗುವುದು ಯಾವಾಗ ಎಂಬುದು ಅವನ ಪ್ರಶ್ನೆ. ಇಂದಿನ ನಿಯಂತ್ರಣ ಶಾಸ್ತ್ರದ ಬೇರುಗಳಲ್ಲಿ ಆ ಪ್ರಬಂಧವೂ ಒಂದು. ಭಾವನ ಶೆಡ್ಡಿನಲ್ಲಿ ಕೇಳುತ್ತಿದ್ದದ್ದು ಆ ಹಳೆಯ ಪ್ರಶ್ನೆಯ ಸದ್ದೇ. ನಮ್ಮ ಮೆಕ್ಯಾನಿಕ್‌ಗಳು ಇದನ್ನು "ಹಂಟಿಂಗ್ ಹೊಡೀತಿದೆ ಸಾರ್" ಅನ್ನುತ್ತಾರೆ.

ಹಾಗಾದರೆ ತಪ್ಪು ಗವರ್ನರಿನದೇ? ಪತ್ತೆ ಮಾಡಲು ಸ್ಪ್ಯಾನರ್ ಬೇಕಿಲ್ಲ. ಹುಲ್ಲು ಕತ್ತರಿಸುವ ಬ್ಲೇಡನ್ನು ತೊಡಗಿಸಿ ಹುಲ್ಲಿಗೆ ಇಳಿಸಿದೆವು. ಲೋಡ್ ಬಿದ್ದೊಡನೆ ಎಂಜಿನ್ ಶಾಂತವಾಯಿತು, ಒಂದೇ ಶ್ರುತಿ. ಬ್ಲೇಡ್ ಬಿಡಿಸಿದರೆ ಮತ್ತೆ ಕುಣಿತ. ಆಮೇಲೆ ಓಡುತ್ತಿರುವಾಗಲೇ ಚೋಕನ್ನು ಅರ್ಧ ಎಳೆದೆ, ಕುಣಿತ ನಿಂತಿತು. ಈ ಎರಡು ಪರೀಕ್ಷೆಗಳೇ ಮುಕ್ಕಾಲು ಕಥೆ ಹೇಳಿಬಿಟ್ಟವು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅದರಿಂದ ಎಂಜಿನ್ ಸುಧಾರಿಸಿತೆಂದರೆ ಅದು ಹಸಿದಿತ್ತು ಅಂತ ಅರ್ಥ. ಒಂದು ವೇಳೆ ಚೋಕಿಗೆ ಇನ್ನಷ್ಟು ಕೆಟ್ಟು ಕಪ್ಪು ಹೊಗೆ ಉಗುಳಿದ್ದರೆ ಕೆಂಪು ಧೂಳು ಕಟ್ಟಿದ ಏರ್ ಫಿಲ್ಟರನ್ನೋ, ಪೆಟ್ರೋಲ್ ತಡೆಯದ ಫ್ಲೋಟ್ ಸೂಜಿಯನ್ನೋ ನೋಡಬೇಕಿತ್ತು.

ಹಸಿವು ಎಲ್ಲಿ? ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಲ್ಲಿ. ನಮ್ಮೂರ ಗ್ಯಾರೇಜುಗಳಲ್ಲಿ ಅದು ಬಹುತೇಕ "ಕಾರ್ಪೊರೇಟರ್" ಆಗಿಬಿಟ್ಟಿದೆ. ಗವರ್ನರ್ ಹೇಗೂ ಒಳಗೇ ಇದ್ದಾರೆ. ನಗರದ ಪಾಲಿಕೆಯ ಅವಧಿ 2020ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದಿದ್ದಾಗಲೂ ಎಂಜಿನ್ನಿನಲ್ಲಿ ಆ ಸ್ಥಾನ ಖಾಲಿ ಬಿದ್ದಿರಲಿಲ್ಲ. ಒಳಗೆ ಹೋಗುವ ಗಾಳಿ ಒಂದು ಇಕ್ಕಟ್ಟಾದ ಕೊರಳಿನಲ್ಲಿ ನುಗ್ಗುವಾಗ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ಮೇಲೇರಿ ತುಂತುರಾಗುತ್ತದೆ. ಆದರೆ ಲೋಡ್ ಇಲ್ಲದಾಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಕೊರಳಿನಲ್ಲಿ ಸೆಳೆತ ಸಾಲದು. ಆಗ ಪೆಟ್ರೋಲ್ ಕೊಡುವುದಕ್ಕೆ ಪೈಲಟ್ ಜೆಟ್ ಎಂಬ ಬೇರೆಯದೇ ಸೂಕ್ಷ್ಮ ದಾರಿಯಿದೆ. ಅದು ಕಟ್ಟಿಕೊಂಡರೆ ಎಂಜಿನ್ ಸೊರಗಿ ವೇಗ ಕುಸಿಯುತ್ತದೆ. ಗವರ್ನರ್ ಗಾಬರಿಬಿದ್ದು ಥ್ರಾಟಲ್ ತೆರೆಯುತ್ತದೆ. ಈಗ ಮುಖ್ಯ ಜೆಟ್ಟಿನಿಂದ ಪೆಟ್ರೋಲ್ ಧಾರಾಳವಾಗಿ ಬಂದು ವೇಗ ಮಿತಿ ಮೀರುತ್ತದೆ. ಗವರ್ನರ್ ಮುಚ್ಚುತ್ತದೆ. ಮತ್ತೆ ಕಟ್ಟಿದ ದಾರಿಯ ಎದುರಿಗೇ ಬಂದು ನಿಲ್ಲುತ್ತದೆ. ಗವರ್ನರ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಿದೆ, ಅದಕ್ಕೇ ಕುಣಿಯುತ್ತಿದೆ. ಭಾವ ಸ್ಪ್ರಿಂಗ್ ಬಿಗಿದಿದ್ದರೆ ರೋಗ ಹಾಗೇ ಉಳಿದು, ಇಂಥ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಕಟ್ಟಿಟ್ಟಿರುವ ನಿಮಿಷಕ್ಕೆ 3600 ಸುತ್ತಿನ ಮಿತಿಯೂ ಹಾರಿಹೋಗುತ್ತಿತ್ತು.

ಇಲ್ಲಿ ಬೆಂಗಳೂರಿನ ಪಾತ್ರವೂ ಇದೆ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಗಾಳಿ ಮಂಗಳೂರಿಗಿಂತ ಶೇ. 8-9ರಷ್ಟು ತೆಳು. ಪ್ರತಿ 300 ಮೀಟರಿಗೆ ಶೇ. 3.5ರಷ್ಟು ಶಕ್ತಿ ಇಳಿಯುತ್ತದೆಂಬುದು ಸಣ್ಣ ಎಂಜಿನ್ನುಗಳ ರೂಢಿಯ ಲೆಕ್ಕ. ಅಂದರೆ ಇದೇ ಟ್ರ್ಯಾಕ್ಟರ್ ಕರಾವಳಿಯಲ್ಲಿ ಹತ್ತರಲ್ಲಿ ಒಂದು ಪಾಲು ಹೆಚ್ಚು ಎಳೆದೀತು. ತೆಳು ಗಾಳಿಯಲ್ಲಿ ಕಾರ್ಬುರೇಟರಿನ ಮಿಶ್ರಣ ಶೇ. 4-5ರಷ್ಟು ಪೆಟ್ರೋಲಿನ ಕಡೆಗೆ ವಾಲುತ್ತದೆ. ಅತ್ತ ಶೇ. 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಇದಕ್ಕೆ ತದ್ವಿರುದ್ಧ. ಅದು ದೇಶದಲ್ಲಿ ಬಿಡುಗಡೆಯಾದದ್ದೂ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಬರೀ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು, ಇ20ಕ್ಕೆ ಸುಮಾರು 13.5. ಹಳೆಯ ಜೆಟ್ಟಿಗೆ ಇದು ಗೊತ್ತಿಲ್ಲ, ಅದು ಮೊದಲಿನಷ್ಟೇ ಸುರಿಯುತ್ತದೆ, ಮಿಶ್ರಣ ಶೇ. 8ರಷ್ಟು ಬಡವಾಗುತ್ತದೆ. ನಮ್ಮ ಎತ್ತರ ಅದರಲ್ಲಿ ಅರ್ಧದಷ್ಟನ್ನು ತುಂಬಿಕೊಡುತ್ತದೆ. ಊರು ಮೇಲಿರುವುದರಿಂದ ಆದ ಇಂಥ ಉಪಕಾರವನ್ನು ಯಾರೂ ನೆನೆಯುವುದಿಲ್ಲ.

ಎಥನಾಲಿನ ನಿಜವಾದ ತಂಟೆ ನಿಂತ ಪೆಟ್ರೋಲಿನಲ್ಲಿ. ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ, ಟ್ಯಾಂಕು ಅದರಿಂದಲೇ ಉಸಿರಾಡುವುದು. ಹಗಲ ಬಿಸಿಗೆ ಒಳಗಿನ ಆವಿ ಹೊರಕ್ಕೆ, ರಾತ್ರಿಯ ತಂಪಿಗೆ ಹೊರಗಿನ ತೇವದ ಗಾಳಿ ಒಳಕ್ಕೆ. ಎಥನಾಲ್ ಆ ತೇವವನ್ನು ಹೀರುತ್ತದೆ. ನೀರು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜತೆ ಸೇರಿ ತಳಕ್ಕಿಳಿಯುತ್ತದೆ. ಕಾರ್ಬುರೇಟರ್ ಎಳೆಯುವುದು ಆ ತಳದಿಂದಲೇ. ಇತ್ತ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿ, ಆಮ್ಲಜನಕದೊಂದಿಗೆ ಕೂಡಿ ಅಂಟಾಗುತ್ತದೆ.

ಬಟ್ಟಲು ಬಿಚ್ಚಿದಾಗ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ, ಲೋಹ ಕಿಲುಬಿದ್ದ ಗುರುತು. ಪೈಲಟ್ ಜೆಟ್ಟನ್ನು ಆಕಾಶಕ್ಕೆ ಹಿಡಿದರೆ ಬೆಳಕು ಕಾಣಲಿಲ್ಲ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಕಿರಿದು. ಭಾವ ಸೇಫ್ಟಿ ಪಿನ್ ತಂದರು, ನಾನು ತಡೆದೆ. ಜೆಟ್ ಹಿತ್ತಾಳೆಯದು, ಉಕ್ಕಿನ ಪಿನ್ ಅದನ್ನು ಕೆರೆಯುತ್ತದೆ. ವ್ಯಾಸ ಶೇ. 10ರಷ್ಟು ಹಿಗ್ಗಿದರೂ ತೂತಿನ ವಿಸ್ತಾರ ಶೇ. 21ರಷ್ಟು ಹೆಚ್ಚುತ್ತದೆ. ಹಳೆಯ ವೈರಿನಿಂದ ತಾಮ್ರದ ಒಂದೇ ಎಳೆ ಬಿಡಿಸಿ ತೂರಿಸಿ, ಜೆ.ಸಿ. ರಸ್ತೆಯಿಂದ ತಂದ ಕ್ಲೀನರ್ ಸ್ಪ್ರೇ ಹೊಡೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಕೊಂಡು ಬಂದೆವು.

ಮಿಕ್ಕವನ್ನೂ ನೋಡಿದ್ದಾಯಿತು. ಪ್ಲಗ್ಗಿನ ತುದಿ ಬೂದುಬಿಳುಪಾಗಿತ್ತು, ಹಸಿವಿಗೆ ಇನ್ನೊಂದು ಸಾಕ್ಷಿ. ಮಸಿ ಹಿಡಿದಿದ್ದರೆ ಉಲ್ಟಾ, ತಿಳಿಕಂದಾದರೆ ಆರೋಗ್ಯ. ಕಿಡಿ ಸರಿಯಾಗಿತ್ತು. ಅಂದಹಾಗೆ ಇಂಥ ಎಂಜಿನ್ನಿನಲ್ಲಿ ಕಿಡಿಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತದೆ, ಆದರೆ ಪೆಟ್ರೋಲ್ ಉರಿಯುವುದು ಎರಡು ಸುತ್ತಿಗೊಮ್ಮೆ. ಅರ್ಧ ಕಿಡಿಗಳು ಹೊಗೆಗೆ ಹೋಗಿ ಪೋಲಾಗುತ್ತವೆ. ಎರಡು ಸುತ್ತಿಗೊಂದೇ ಕಿಡಿ ಎಂದು ಲೆಕ್ಕವಿಡುವ ಏರ್ಪಾಡಿಗಿಂತ ಪೋಲು ಮಾಡುವುದೇ ಅಗ್ಗ.

ಹೊಸ ಪೆಟ್ರೋಲ್ ತುಂಬಿ ಸ್ಟಾರ್ಟ್ ಮಾಡಿದೆವು. ಗವರ್ನರಿನ ತೋಳು ಒಮ್ಮೆ ಅದುರಿ ನಿಂತಿತು.

ಮುಂದಿನ ಭಾನುವಾರ ಬೆಳಿಗ್ಗೆ ಭಾವನ ಫೋನ್. "ಚೆನ್ನಾಗೇ ಓಡ್ತಿತ್ತು ಕಣೋ. ಕಾಲು ಗಂಟೆ ಆದಮೇಲೆ ಸೊರಗಿ ಸೊರಗಿ ಆಫ್ ಆಗೋಯ್ತು. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್ ಆಗುತ್ತೆ." ಹೋಗಿ ನೋಡಿದರೆ ಟ್ಯಾಂಕಿನ ಮುಚ್ಚಳಕ್ಕೆ ಹಾಲಿನ ಕವರನ್ನು ಎರಡು ಮಡಿಕೆ ಮಾಡಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಬಿಗಿದಿದ್ದರು.

"ತೂತಿಂದ ತೇವ ಹೋಗುತ್ತೆ ಅಂತ ನೀನೇ ತಾನೇ ಹೇಳಿದ್ದು?"

ಪೆಟ್ರೋಲ್ ಕೆಳಗಿಳಿದಷ್ಟೂ ಮೇಲಿಂದ ಗಾಳಿ ಒಳಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಕಟ್ಟಿ ಹರಿವು ನಿಂತುಹೋಗುತ್ತದೆ. ರಬ್ಬರ್ ಬ್ಯಾಂಡ್ ಬಿಚ್ಚಿ ಮುಚ್ಚಳ ಸಡಿಲಿಸಿದೆ. ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಂಡಿತು.