ಮೆಮ್‌ಕಂಪ್‌ಗೆ ಗೊತ್ತಿರುವುದು ಬೈಟ್ ಮಾತ್ರ

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಸಂಖ್ಯೆಗಳು ಒಂದೇನಾ ಎಂದು ನೋಡಲು ಜೋಡಿ ಸಮ ಚಿಹ್ನೆ (==) ಸಾಕು. ಅದನ್ನೇ ಎರಡು ಅರೇಗಳ (ಸಾಲಾಗಿ ಇಟ್ಟ ಮೌಲ್ಯಗಳ ಪಟ್ಟಿಗಳ) ನಡುವೆ ಹಾಕಿದರೆ ಹೋಲಿಕೆಯಾಗುವುದು ಮೆಮೊರಿಯಲ್ಲಿನ ಅವುಗಳ ವಿಳಾಸ, ಒಳಗಿರುವ ಮಾಹಿತಿ ಅಲ್ಲ. ಒಳಗಿನದನ್ನು ಹೋಲಿಸಲು ಮೆಮ್‌ಕಂಪ್ (memcmp) ಎಂಬ ಫಂಕ್ಷನ್ ಇದೆ. ಎರಡು ವಿಳಾಸ ಮತ್ತು ಎಷ್ಟು ಬೈಟ್ (ಎಂಟು ಬಿಟ್‌ಗಳ, ಅಂದರೆ ಎಂಟು 0 ಅಥವಾ 1ರ ಗುಂಪು) ನೋಡಬೇಕು ಎಂಬ ಲೆಕ್ಕ ಕೊಟ್ಟರೆ ಆಯಿತು. ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಹೋಲಿಸುವ ಫಂಕ್ಷನ್ ಸೊನ್ನೆ ಬೈಟ್ ಸಿಕ್ಕಲ್ಲಿ ನಿಂತುಬಿಡುತ್ತದೆ. ಮೆಮ್‌ಕಂಪ್‌ಗೆ ಸೊನ್ನೆಯೂ ಇನ್ನೊಂದು ಬೈಟ್ ಅಷ್ಟೇ.

ಎಲ್ಲ ಬೈಟ್‌ಗಳೂ ಹೊಂದಿದರೆ ಉತ್ತರ ಸೊನ್ನೆ. ಇಲ್ಲದಿದ್ದರೆ ಮೊದಲು ಬೇರೆಯಾದ ಬೈಟ್‌ಗಳನ್ನು 0ಯಿಂದ 255ರ ಒಳಗಿನ ಸಂಖ್ಯೆಗಳೆಂದು ಓದಿ, ಯಾವುದು ದೊಡ್ಡದು ಎಂಬುದರ ಮೇಲೆ ಧನ ಅಥವಾ ಋಣ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಎಷ್ಟಿರಬೇಕು? ಸಿ ಭಾಷೆಯ ನಿಯಮಾವಳಿಯಾದ ಸಿ ಸ್ಟ್ಯಾಂಡರ್ಡ್ ಅದನ್ನು ಹೇಳುವುದೇ ಇಲ್ಲ. 1 ಬರಬಹುದು, 37 ಬರಬಹುದು. 512 ಬಂದರೂ ತಪ್ಪಲ್ಲ.

512 ಎಂದು ಸುಮ್ನೆ ಹೇಳಲಿಲ್ಲ. 2012ರಲ್ಲಿ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಡೇಟಾಬೇಸ್‌ಗಳಲ್ಲಿ ಒಂದು ವಿಚಿತ್ರ ದೋಷ ಹೊರಬಂತು. ತಪ್ಪು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಡುತ್ತಾ ಹೋದರೆ ಯಾವಾಗಲೋ ಒಮ್ಮೆ ಒಳಗೆ ಬಿಟ್ಟುಬಿಡುತ್ತಿತ್ತು! ಪಾಸ್‌ವರ್ಡ್ ಪರೀಕ್ಷಿಸುವ ಕೋಡ್ ಮೆಮ್‌ಕಂಪ್‌ನ ಉತ್ತರವನ್ನು ಒಂದೇ ಬೈಟಿಗೆ ತುರುಕುತ್ತಿತ್ತು. 512ರ ಕೊನೆಯ ಎಂಟು ಬಿಟ್‌ಗಳು ಪೂರ್ತಿ ಸೊನ್ನೆ. ಮೇಲಿನ ಬಿಟ್‌ಗಳು ಕತ್ತರಿಸಿಹೋದ ಮೇಲೆ ಉಳಿಯುವುದೂ ಸೊನ್ನೆಯೇ, ಅಂದರೆ ‘ಪಾಸ್‌ವರ್ಡ್ ಸರಿ ಇದೆ’. ಪ್ರತಿ ಸಲವೂ ಸರ್ವರ್ ಹೊಸ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸುತ್ತಿದ್ದರಿಂದ ಅದೇ ತಪ್ಪು ಪಾಸ್‌ವರ್ಡಿಗೂ ಬೇರೆ ಬೇರೆ ಉತ್ತರ ಬರುತ್ತಿತ್ತು. ಹೆಚ್ಚುಕಡಿಮೆ 256ಕ್ಕೆ ಒಂದು ಸಲ ಬಾಗಿಲು ತೆರೆಯುತ್ತಿತ್ತು.

ಪರೀಕ್ಷೆಯಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ? ಬಹಳಷ್ಟು ಮೆಮ್‌ಕಂಪ್‌ಗಳು ಎರಡು ಬೈಟ್‌ಗಳ ವ್ಯತ್ಯಾಸವನ್ನೇ ಉತ್ತರವಾಗಿ ಕೊಡುತ್ತವೆ. ಅದು -255ರಿಂದ 255ರ ಒಳಗಿರುತ್ತದೆ. ಬೈಟ್‌ಗಳು ಬೇರೆಯಾಗಿದ್ದರೆ ಅಲ್ಲಿ 256ರ ಅಪವರ್ತ್ಯ, ಅಂದರೆ ಕೊನೆಯ ಎಂಟು ಬಿಟ್ ಸೊನ್ನೆಯಾಗಿರುವ ಸಂಖ್ಯೆ, ಬರುವ ಮಾತೇ ಇಲ್ಲ. ಪ್ರೊಸೆಸರ್‌ನ ವಿಶೇಷ ಸೂಚನೆಗಳಿಂದ ಒಂದೇ ಏಟಿಗೆ ಹಲವು ಬೈಟ್ ಹೋಲಿಸುವ ಕೆಲವು ವೇಗದ ಆವೃತ್ತಿಗಳು ಮಾತ್ರ ಈ ಮಿತಿ ದಾಟುತ್ತಿದ್ದವು. ನನ್ನ ಪ್ರಕಾರ ಮೆಮ್‌ಕಂಪ್‌ನದ್ದು ಇಲ್ಲಿ ಏನೂ ತಪ್ಪಿಲ್ಲ. ಅದು ಕೊಡದ ಮಾತನ್ನು ಕೊಟ್ಟಿದೆ ಎಂದು ನಂಬಿದ್ದು ಕೋಡ್ ಬರೆದವರು.

ಇಂಥ ನಂಬಿಕೆಗಳು ಇನ್ನೂ ಇವೆ. ಇಂದಿನ ಜಾಸ್ತಿ ಕಂಪ್ಯೂಟರ್‌ಗಳು ಸಂಖ್ಯೆಯ ಚಿಕ್ಕ ಬೈಟನ್ನು ಮೊದಲು ಇಡುತ್ತವೆ. 256 ಎಂಬುದು ಅಲ್ಲಿ 0, 1, 0, 0. ಒಂದು ಎಂಬುದು 1, 0, 0, 0. ಮೆಮ್‌ಕಂಪ್‌ನ ಲೆಕ್ಕದಲ್ಲಿ 256ಕ್ಕಿಂತ 1 ದೊಡ್ಡದು! ಬೇರೆ ಬೇರೆ ಬಗೆಯ ಮೌಲ್ಯಗಳನ್ನು ಒಟ್ಟಿಗೆ ಇಡುವ ಸ್ಟ್ರಕ್ಚರ್‌ಗಳದ್ದು ಇನ್ನೊಂದು ತರಲೆ. ಒಂದು ಬೈಟಿನ ಅಕ್ಷರದ ಪಕ್ಕ ನಾಲ್ಕು ಬೈಟಿನ ಸಂಖ್ಯೆ ಇಟ್ಟರೆ ಸಾಮಾನ್ಯವಾಗಿ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ನಡುವೆ ಮೂರು ಬೈಟ್ ಖಾಲಿ ಬಿಡುತ್ತದೆ. ಅಲ್ಲಿ ಹಳೆಯ ಕಸ ಉಳಿದಿರಬಹುದು. ಆಗ ಎರಡರಲ್ಲೂ ಅದೇ ಅಕ್ಷರ, ಅದೇ ಸಂಖ್ಯೆ ಇದ್ದರೂ ‘ಬೇರೆ ಬೇರೆ’ ಎಂಬ ಉತ್ತರ ಬರುತ್ತದೆ. ದಶಾಂಶ ಸಂಖ್ಯೆಗಳಲ್ಲೂ ಹೀಗೇ, 0.0 ಮತ್ತು -0.0 ಗಣಿತದಲ್ಲಿ ಸಮ, ಬಿಟ್‌ಗಳಲ್ಲಿ ಅಲ್ಲ.

ಕೊನೆಗೆ ಸಮಯದ ವಿಷಯ. ವ್ಯತ್ಯಾಸ ಸಿಕ್ಕ ಕೂಡಲೇ ಮೆಮ್‌ಕಂಪ್ ಕೆಲಸ ನಿಲ್ಲಿಸಬಹುದು, ವೇಗಕ್ಕೆ ಅದೇ ಒಳ್ಳೆಯದು ಅಲ್ವಾ? ಆದರೆ ಗುಪ್ತ ಸಹಿಯೊಂದನ್ನು ಹೀಗೆ ಹೋಲಿಸಿದರೆ, ಉತ್ತರ ಬರಲು ಹಿಡಿದ ಸಮಯವೇ ಎಷ್ಟು ಬೈಟ್ ಸರಿಯಾಗಿತ್ತು ಎಂಬ ಸುಳಿವು ಬಿಟ್ಟುಕೊಡುತ್ತದೆ. ಅದನ್ನು ಅಳೆಯುತ್ತಾ ಹೋದರೆ ಬೈಟ್ ಬೈಟಾಗಿ ಊಹಿಸಬಹುದು. ಅದಕ್ಕೇ ಗೂಢಲಿಪಿ ಕೆಲಸಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿಗಳಲ್ಲಿ ಬೇರೆಯದೇ ಹೋಲಿಕೆ ಫಂಕ್ಷನ್ ಇದೆ. ಅದು ಮೊದಲ ಬೈಟಿನಲ್ಲೇ ವ್ಯತ್ಯಾಸ ಕಂಡರೂ ಕೊನೆಯವರೆಗೆ ಓದುತ್ತದೆ. ಯಾವುದು ದೊಡ್ಡದು ಎಂದು ಅದು ಹೇಳುವುದಿಲ್ಲ. ಒಂದೇನಾ, ಬೇರೇನಾ ಎಂಬುದಷ್ಟೇ ಅದರ ಉತ್ತರ.