ಹ್ಯಾಮಕ್ ಬಿಗಿದಷ್ಟೂ ಬೆನ್ನು ನೋವು, ಯಾಕೆ?

ಓದುಗರ ಪ್ರಶ್ನೆ: ಕ್ಯಾಂಪಿಂಗ್‌ಗೆ ಅಂತ ಎರಡು ಮರಗಳ ನಡುವೆ ಜೋಲಿಯ ಹಾಗೆ ಕಟ್ಟಿ ಮಲಗುವ ಹ್ಯಾಮಕ್ ಒಂದನ್ನು ದಪ್ಪ ಬಟ್ಟೆಯಲ್ಲಿ ನಾನೇ ಮಾಡಿಕೊಂಡಿದ್ದೇನೆ. ಮಲಗಿದರೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಎಷ್ಟು ಎಳೆದು ಕಟ್ಟಿದರೂ ಅಷ್ಟೇ. ಇನ್ನೂ ಬಿಗಿಯಬೇಕಾ?

ಬೇಡ, ಸಡಿಲ ಬಿಡಿ.

ನಾನೂ ಇದೇ ತಪ್ಪು ಮಾಡಿದ್ದೆ. ಶಿರಸಿ ಹತ್ತಿರ ಗೆಳೆಯನ ತೋಟದಲ್ಲಿ ಎರಡು ಮಾವಿನ ಮರಗಳ ನಡುವೆ ಹಳೇ ಬೆಡ್‌ಶೀಟನ್ನು ಮಂಚದ ಹಾಗೆ ಸಪಾಟಾಗಿ ಬಿಗಿದಿದ್ದೆ. ಹತ್ತಿ ಐದು ನಿಮಿಷ ಆಗಿರಲಿಲ್ಲ, ಪರ್ರ್ ಅಂತ ಹರಿಯಿತು. ಸೊಂಟ ನೋವು ಒಂದು ವಾರ ಇತ್ತು.

ಬಟ್ಟೆ ಒಣಹಾಕುವ ತಂತಿ ನೋಡಿದ್ದೀರಲ್ವಾ? ಜೋತುಬಿದ್ದ ತಂತಿ ಒದ್ದೆ ಕಂಬಳಿಯನ್ನೂ ತಡೆದುಕೊಳ್ಳುತ್ತದೆ. ಬಿಗಿದ ತಂತಿಗೆ ಅದೇ ಕಂಬಳಿ ಹಾಕಿದರೆ ಗೋಡೆಯ ಮೊಳೆಯೇ ಕಿತ್ತು ಬರುತ್ತದೆ. ನಿಮ್ಮ ತೂಕ 70 ಕೆ.ಜಿ. ಅಂದುಕೊಳ್ಳಿ. ನೀವು ಮಲಗಿದಾಗ ಹಗ್ಗ 30 ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ಬದಿಗೂ 70 ಕೆ.ಜಿ. ಎಳೆತ ಬೀಳುತ್ತದೆ. ಬಿಗಿದು 10 ಡಿಗ್ರಿಗೆ ತಂದರೆ ಸುಮಾರು 200 ಕೆ.ಜಿ. 5 ಡಿಗ್ರಿ ಆದರೆ 400! ಪಾಪ, ಬೆಡ್‌ಶೀಟ್ ಏನು ಮಾಡೀತು.

30 ಡಿಗ್ರಿ ಅಳೆಯಲು ಕೋನಮಾಪಕ ಬೇಕಿಲ್ಲ. ಮರದಿಂದ ಹ್ಯಾಮಕ್ ತುದಿವರೆಗೆ 2 ಅಡಿ ಹಗ್ಗ ಇದ್ದರೆ ಅದು 1 ಅಡಿ ಕೆಳಗೆ ಇಳಿದಿರಬೇಕು, ಅಷ್ಟೇ.

ಇನ್ನು ಬೆನ್ನಿನ ವಿಷಯ. ಸಡಿಲ ಬಿಟ್ಟರೆ ಇನ್ನೂ ಬಾಗುತ್ತದೆ ಅನ್ನಿಸುವುದು ಸಹಜ. ಉದ್ದಕ್ಕೆ ನೇರವಾಗಿ ಮಲಗಿದರೆ ಬಾಗುವುದೂ ನಿಜ. ಮಲಗಬೇಕಾದ್ದು ಓರೆಯಾಗಿ. ತಲೆಯನ್ನು ಸ್ವಲ್ಪ ಎಡಕ್ಕೆ, ಕಾಲನ್ನು ಸ್ವಲ್ಪ ಬಲಕ್ಕೆ ಸರಿಸಿ. ಬಟ್ಟೆ ಅಡ್ಡಕ್ಕೆ ಹರಡಿಕೊಂಡು ಬೆನ್ನು ಹೆಚ್ಚುಕಡಿಮೆ ಸಪಾಟಾಗುತ್ತದೆ. ಮೆಕ್ಸಿಕೋದ ಯುಕಾಟಾನ್ ಕಡೆ ದಿನಾ ರಾತ್ರಿ ಹ್ಯಾಮಕ್‌ನಲ್ಲೇ ನಿದ್ದೆ ಮಾಡುವವರು ಮಲಗುವುದು ಹೀಗೇ. ಬಿಗಿದು ಕಟ್ಟಿದ ಹ್ಯಾಮಕ್‌ನಲ್ಲಿ ಓರೆಯಾಗಲು ಬಟ್ಟೆಯೇ ಬಿಡುವುದಿಲ್ಲ, ಎರಡೂ ಅಂಚು ಭುಜವನ್ನು ಒತ್ತುತ್ತವೆ.

ಓರೆಯಾಗಲು ಅಗಲವೂ ಬೇಕು. 11 ಅಡಿ ಉದ್ದ, 5 ಅಡಿ ಅಗಲದ ಬಟ್ಟೆ ಸಾಕು. ಅಮ್ಮನ ಹಳೇ ಸೀರೆ ಮಗುವಿನ ಜೋಲಿಗೆ ಸರಿ, ನಮಗೆ ಅದರ ಅಗಲ ಸಾಲದು. ತುದಿಯನ್ನು ಮಾತ್ರ ಸೀರೆಗೆ ನಿರಿಗೆ ಹಿಡಿದ ಹಾಗೆಯೇ ಒಂದೊಂದಾಗಿ ಮಡಿಚಿಕೊಂಡು ಬನ್ನಿ. ಸುಮ್ನೆ ಮುದುಡಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು. ನಿರಿಗೆ ಹಿಡಿದ ತುದಿಗೆ ಗಂಟು ಹಾಕಿ, ಗಂಟಿನ ಒಳಮಗ್ಗುಲಿಗೆ ಹಗ್ಗದ ಜೀರುಗುಣಿಕೆ ಸಿಗಿಸಿ. ಭಾರ ಬಿದ್ದಷ್ಟೂ ಕುಣಿಕೆ ಬಿಗಿಯುತ್ತದೆ, ಗಂಟು ಅದನ್ನು ಜಾರಲು ಬಿಡುವುದಿಲ್ಲ.

ಮರಗಳ ನಡುವೆ 13-14 ಅಡಿ ಜಾಗ ಇರಲಿ. ಮರಕ್ಕೆ ಸುಮಾರು ತಲೆಯೆತ್ತರದಲ್ಲಿ ಕಟ್ಟಿ. ಕುಳಿತಾಗ ಕುರ್ಚಿಯಷ್ಟು ಎತ್ತರದಲ್ಲಿದ್ದರೆ ಸರಿಯಾಗಿದೆ ಅಂತ ಅರ್ಥ. ಮರಕ್ಕೆ ಸುತ್ತಲು ಸಾಮಾನು ಕಟ್ಟುವ ಅಗಲದ ಪಾಲಿಯೆಸ್ಟರ್ ಬೆಲ್ಟ್ ಒಳ್ಳೆಯದು, ತೊಗಟೆಗೆ ಗಾಯ ಆಗುವುದಿಲ್ಲ. ನೈಲಾನ್ ಹಗ್ಗ ಹಿಗ್ಗುತ್ತದೆ, ಇಬ್ಬನಿಗೆ ನೆನೆದರೆ ಇನ್ನೂ ಜಾಸ್ತಿ. ಮಲಗುವಾಗ ಮಂಡಿಯೆತ್ತರ, ಬೆಳಗಿನ ಜಾವ ನೆಲ. ಅಡಿಕೆ ಮರಕ್ಕೆ ಕಟ್ಟಬೇಡಿ, ಬಾಗುತ್ತದೆ. ತೆಂಗಿನ ಮರ ಗಟ್ಟಿ, ಆದರೆ ಮಲಗಿ ಮೇಲೆ ನೋಡಿದರೆ ಕಾಯಿ ಕಾಣುತ್ತಿರುತ್ತದೆ!

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೆ ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಹ್ಯಾಮಕ್‌ನಲ್ಲಿ ಚಳಿ ಬರುವುದು ಕೆಳಗಿನಿಂದ. ಎರಡು ಕಂಬಳಿ ಇದ್ದರೆ ಒಂದನ್ನು ಬೆನ್ನಿನ ಕೆಳಗೆ ಹಾಸಿಕೊಳ್ಳಿ.